ಮುಂದಕ್ಕೆ ಬಾಗಿದ ಸಂಸ್ಥಾಪಕರು

"ನಿಧಾನ ಕಣ್ರಪ್ಪಾ, ಸರ್ ಆಂಬ್ರೋಸರ ಮೂಗು!" ಎಂದು ಟ್ಯಾಪ್‌ಸ್ಕಾಟ್ ಮೇಷ್ಟ್ರು ಕೂಗುತ್ತಿದ್ದಂತೆಯೇ, ಬಣ್ಣ ಬಳಿಯಲು ಬಂದಿದ್ದ ಇಬ್ಬರು ಆಳುಗಳು ಶಾಲೆಯ ಸಂಸ್ಥಾಪಕರ ಮರದ ಮೂರ್ತಿಯನ್ನು ಗೋಡೆಯ ಗೂಡಿನಿಂದ ಇಳಿಸಿ ನೆಲದ ಮೇಲೆ ಬೋರಲು ಮಲಗಿಸಿದರು. ವಿದರ್‌ಮೌತ್ ಗ್ರಾಮರ್ ಶಾಲೆಯ ಹುಡುಗರು ತಲೆತಲಾಂತರದಿಂದ ಆ ಮೂರ್ತಿಗೆ ಟೋಪಿ ತೆಗೆಯುತ್ತಿದ್ದರೂ ಬೆನ್ನು ಕಂಡವರಿರಲಿಲ್ಲ.

ಮೇಷ್ಟ್ರು ಕಂಡರು, ಕಂಡು ಬೆಂಚಿನ ಮೇಲೆ ಕುಸಿದರು.

ಬೆನ್ನುದ್ದಕ್ಕೂ ಆಳವಾಗಿ ಕೊರೆದ ತೋಡು. ಅದರೊಳಗೆ ಹಳೆಯ ಡಾಂಬರು, ತುಕ್ಕು ಹಿಡಿದ ದಪ್ಪ ಮೊಳೆಗಳು. ಬಂದರಿನಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕೆ? ಹಡಗಿನ ಮೂತಿಗೆ ಬಿಗಿಯುವ ಗೊಂಬೆ ಅದು. ಎಂದೋ ಒಡೆದ ಹಡಗಿನಿಂದ ತೇಲಿಬಂದಿದ್ದನ್ನು ಯಾರೋ ಪುಣ್ಯಾತ್ಮರು ತಂದು ಗೂಡಿನಲ್ಲಿ ನಿಲ್ಲಿಸಿದ್ದರು.

ಮೇಷ್ಟ್ರ ಸಂಕಟವೇ ಬೇರೆ. ನಿವೃತ್ತಿಯಾದ ಮೇಲೆ ಕೂತು ಬರೆದ ಶಾಲೆಯ ಚರಿತ್ರೆಯ ಮೊದಲ ಅಧ್ಯಾಯವನ್ನು ಅಂದೇ ಮಧ್ಯಾಹ್ನ ಸಂಸ್ಥಾಪಕರ ದಿನದ ಸಭೆಯಲ್ಲಿ ಬಿಷಪ್ಪರೆದುರು ಓದಬೇಕಿತ್ತು. "ಅತಿ ಚಿಕ್ಕ ಹುಡುಗನ ಮಾತೂ ಕಿವಿಗೆ ಬೀಳಲೆಂದು ಸರ್ ಆಂಬ್ರೋಸರು ಇಂದಿಗೂ ಮುಂದಕ್ಕೆ ಬಾಗಿ ನಿಂತಿದ್ದಾರೆ" ಎಂದೇ ಅದರ ಆರಂಭ.

"ಏನ್ರೀ ಇದು?" ಹೆಡ್‌ಮಾಸ್ಟರ್ ಕ್ರೌದರ್ ಓಡಿಬಂದರು.

"ನಮ್ಮ ಸಂಸ್ಥಾಪಕರು, ಸಾರ್. ಹಿಂದಿನಿಂದ. ಸಮುದ್ರದೇವರೋ, ತುರ್ಕಿ ಸುಲ್ತಾನನೋ."

"ಸುಲ್ತಾನನಾ? ಬಿಷಪ್ಪರು ಹೂವಿನ ಹಾರ ಇಡ್ತಾರೆ ಕಣ್ರೀ! ಗೋಡೆಗೆ ಬೆನ್ನು ಕೊಟ್ಟು ನಿಲ್ಸಿ. ಇಷ್ಟು ಕಾಲ ಬಾಯಿ ಮುಚ್ಕೊಂಡಿದ್ದವ್ರು ಇವತ್ತೊಂದಿನ ಇರಲ್ವಾ?"

"ಅವರಿರ್ತಾರೆ. ಬಾಯಿ ಬಿಡಬೇಕಾದವನು ನಾನಲ್ವಾ?"

ಅಡುಗೆಯ ಎಡಿತ್ ಹಿಟ್ಟಿನ ಕೈಯಲ್ಲೇ ಇಣುಕಿದಳು. "ಅಂದ್ರೆ ಪರೀಕ್ಷೆ ದಿನ ಅದೃಷ್ಟ ಬರ್ಲಿ ಅಂತ ನಮ್ ಹುಡುಗ್ರು ಹೆಬ್ಬೆಟ್ಟಲ್ಲಿ ಉಜ್ಜೋದು ಈ ಗೊಂಬೆ ಬೂಟನ್ನಾ? ನಮ್ಮಣ್ಣ ಉಜ್ಜಿ ಉಜ್ಜಿ ಮೂರು ಸಲ ಫೇಲಾದ. ಈಗ ಗೊತ್ತಾಯ್ತು ಬಿಡಿ!"

ಮೂರ್ತಿಯನ್ನು ಗೂಡಿಗೇರಿಸಿ, ನಿಲುವಂಗಿಯಿಂದ ಬೂಟಿನ ತನಕ ಗಾಢ ನೀಲಿ ಬಳಿದದ್ದಾಯಿತು.

ಮಧ್ಯಾಹ್ನ ಸಭೆ ಕಿಕ್ಕಿರಿದಿತ್ತು. ಮೇಷ್ಟ್ರು ಹಾಳೆ ತೆರೆದರು. ಸುಳ್ಳು ಹೇಳಿದ ಹುಡುಗರಿಗೆ ಜೀವಮಾನವೆಲ್ಲ ಬೆತ್ತದ ರುಚಿ ತೋರಿಸಿದ್ದ ಕೈ ಮೊದಲ ಸಾಲಿನ ಮೇಲೇ ನಿಂತಿತು. ಹೆಡ್‌ಮಾಸ್ಟರು ಕೆಮ್ಮಿದರು. ಮೇಷ್ಟ್ರು ಹಾಳೆ ಮಡಿಸಿ ಕನ್ನಡಕ ತೆಗೆದರು.

"ಸರ್ ಆಂಬ್ರೋಸರು ಹೇಗಿದ್ದರೋ ನಮಗೆ ಗೊತ್ತಿಲ್ಲ. ಇಲ್ಲಿರೋರು ಹಡಗು ಒಡೆದು ದಡ ಸೇರಿದವರು. ಬಾಗಿರೋದು ಯಾರ ಮಾತು ಕೇಳೋಕಲ್ಲ, ಎದುರುಗಾಳಿಗೆ."

ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು.

"ಆಹಾ!" ಬಿಷಪ್ಪರು ಎದ್ದುನಿಂತು ಚಪ್ಪಾಳೆ ತಟ್ಟಿದರು. "ಎಂಥ ಉಪಮೆ ರೀ! ನಾವೆಲ್ಲ ಒಡೆದ ಹಡಗಿನವರೇ ಅಲ್ವೇ? ಮುಂದಿನ ಭಾನುವಾರದ ಪ್ರವಚನಕ್ಕೆ ಇದನ್ನ ನಾನೇ ಕದೀತೀನಿ!"

"ಅಲ್ಲ ಸ್ವಾಮೀ, ಉಪಮೆಯಲ್ಲ, ನಿಜವಾಗಿಯೂ ಹಡಗಿಂದು…" ಎಂದ ಮೇಷ್ಟ್ರ ಮಾತು ಚಪ್ಪಾಳೆಯಲ್ಲಿ ಮುಳುಗಿತು. ಹೆಡ್‌ಮಾಸ್ಟರು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು.

ಮರುದಿನ ಪರೀಕ್ಷೆ. ಮೇಲ್ವಿಚಾರಣೆಗೆಂದು ಬಂದ ಮೇಷ್ಟ್ರು ಮೇಜುಗಳ ಸಾಲಿನ ನಡುವೆ ನಿಧಾನವಾಗಿ ನಡೆದರು. ಕಿಟಕಿಯಿಂದ ಉಪ್ಪುಗಾಳಿ ಬೀಸುತ್ತಿತ್ತು. ಮೂರ್ತಿಯ ಬೂಟಿನ ಬಣ್ಣ ಇನ್ನೂ ಆರಿರಲಿಲ್ಲ. ಪ್ರತಿ ಉತ್ತರ ಪತ್ರಿಕೆಯ ಅಂಚಿನಲ್ಲೂ ಒಂದೊಂದು ನೀಲಿ ಹೆಬ್ಬೆಟ್ಟು ಮೂಡಿತ್ತು. ಮೇಷ್ಟ್ರು ಯಾರನ್ನೂ ಗದರಲಿಲ್ಲ. ತಮ್ಮ ಬಲಗೈಯನ್ನು ಕೋಟಿನ ಜೇಬಿನಿಂದ ಹೊರಗೆ ತೆಗೆಯಲೂ ಇಲ್ಲ.