ಒಂಬತ್ತನೇ ದಿನದ ನೀರು

ಸ್ಲ್ಯಾಬಿಗೆ ಆಸರೆಯಾಗಿ ಇಪ್ಪತ್ತೊಂದು ದಿನ ನಿಲ್ಲಬೇಕಾದ ಟೇಕುಗಳನ್ನು ಹನ್ನೊಂದನೇ ದಿನ ತೆಗೆಸಿದರು. ಹನ್ನೆರಡನೇ ದಿನ ಮಧ್ಯಾಹ್ನ ಪೋರ್ಚಿನ ಸ್ಲ್ಯಾಬು ಭೀಮಣ್ಣನ ಮೇಲೆ ಬಿತ್ತು. ಹದಿಮೂರನೇ ದಿನ ಎಂಜಿನಿಯರು ಕಾಗದದಲ್ಲಿ ಬರೆದ: ನೀರು ಹೊಡೆಯುವ ಹೆಂಗಸು ಮೂರು ದಿನ ನೀರು ಹೊಡೆಯಲಿಲ್ಲ, ಕಾಂಕ್ರೀಟು ಒಣಗಿ ಬಿರಿಯಿತು.

ನೀರು ಹೊಡೆಯುವ ಹೆಂಗಸು ಭೀಮಣ್ಣನ ಹೆಂಡತಿ ಸಕ್ಕುಬಾಯಿ.

ಪಿಂಪ್ರಿಯ ರೈಲು ಹಳಿಯ ಆಚೆ, ಕಾರ್ಖಾನೆ ಕಾಲನಿಗಳ ನಡುವೆ ಒಂದು ಇಗರ್ಜಿ. ೧೯೯೮ರಲ್ಲಿ ಅದರ ಅಂಗಳದಲ್ಲಿ ಸಮುದಾಯ ಭವನ ಏಳುತ್ತಿತ್ತು. ಕೆಳಗೆ ಸಭಾಗೃಹ, ಮೇಲೆ ದವಾಖಾನೆ, ದವಾಖಾನೆಯ ಪಕ್ಕ ಬಾಲವಾಡಿ. ಜಾತಿ ಮತ ಭೇದವಿಲ್ಲದೆ ಎಲ್ಲ ಬಡವರಿಗಾಗಿ ಎಂದು ಗೇಟಿನ ಬಳಿಯ ಬೋರ್ಡು ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಹೇಳುತ್ತಿತ್ತು. ಆ ಬೋರ್ಡಿನ ಕಂಬಕ್ಕೆ ಗುಂಡಿ ತೋಡಿದವನು ಭೀಮಣ್ಣ. ಬೋರ್ಡಿನ ಹಿಂದೆ, ಕಂಪೌಂಡು ಗೋಡೆಗೆ ಆನಿಸಿ ಎಂಟು ತಗಡಿನ ಗುಡಿಸಲು. ಎಂಟರಲ್ಲೂ ಶಹಾಪುರ, ಸುರಪುರದ ಕಡೆಯ ಮಂದಿ. ಅವರನ್ನು ಕೂಲಿಗೆ ಕರೆತಂದವನು ಮುಕಾದಮ ಶಿವಪ್ಪ. ಭೀಮಣ್ಣನಿಗೆ ದೊಡ್ಡಪ್ಪನ ಮಗ, ಸಕ್ಕುಬಾಯಿಗೆ ಭಾವ.

ಸ್ಲ್ಯಾಬು ಹಾಕಿದ ಮರುದಿನದಿಂದ ಅದಕ್ಕೆ ನೀರು ಬೇಕು. ಮೇಲೆ ಗಾರೆಯಿಂದ ಗೇಣಗಲದ ಬದು ಕಟ್ಟಿ, ಹೊಲದಲ್ಲಿ ಮಡಿ ಮಾಡಿದಂತೆ ಚೌಕ ಚೌಕ ಮಾಡಿ, ಅದರೊಳಗೆ ನೀರು ನಿಲ್ಲಿಸುತ್ತಾರೆ. ಇಪ್ಪತ್ತೊಂದು ದಿನ ಆ ನೀರು ಬತ್ತಬಾರದು, ಕೆಳಗೆ ಆಸರೆ ಕೊಟ್ಟ ಟೇಕುಗಳು ಕದಲಬಾರದು. ನೀರಿನ ಕೆಲಸ ಸಕ್ಕುಬಾಯಿಯದು. ಊರಿನಲ್ಲಿ ಇನ್ನೊಬ್ಬರ ಮೆಣಸಿನ ಮಡಿಗೆ ನೀರು ಹಾಯಿಸಿದ ಕೈ ಅದು. ಇಲ್ಲಿ ಏನೂ ಮೊಳೆಯುವುದಿಲ್ಲ, ಅಷ್ಟೇ ಫರಕು. ಬೆಳಿಗ್ಗೆ ಆರಕ್ಕೊಮ್ಮೆ, ಬಿಸಿಲೇರಿದ ಮೇಲೊಮ್ಮೆ, ಮಧ್ಯಾಹ್ನ, ಸಂಜೆ. ಮೊದಲು ಪೋರ್ಚಿನ ಮೇಲಿನ ನಾಲ್ಕು ಮಡಿ, ಆಮೇಲೆ ಸಭಾಗೃಹದ ಮೇಲಿನ ನಲವತ್ತು ಮಡಿ. ಪೈಪು ಹೆಗಲ ಮೇಲೆ.

ಸ್ಲ್ಯಾಬು ಹಾಕಿದ ದಿನ ಶಿವಪ್ಪ ಮಿಕ್ಸರಿಗೆ ಕುಂಕುಮ ಹಚ್ಚಿ ಕಾಯಿ ಒಡೆದ. ಫಾದರ್ ವಲೇರಿಯನ್ ಬಿಳಿ ನಿಲುವಂಗಿಯಲ್ಲಿ ಬಂದು ಮಂತ್ರಿಸಿದ ನೀರು ಚಿಮುಕಿಸಿದರು. ಫಾದರು ಮಂಗಳೂರಿನ ಕಡೆಯವರು, ಕನ್ನಡ ಬಲ್ಲವರು. ಹೋಗುವಾಗ ಎಲ್ಲರಿಗೂ ಪೇಡೆ ಹಂಚಿದರು.

ಭೀಮಣ್ಣ ಪೇಡೆ ಬಾಯಿಗೆ ಹಾಕಿಕೊಂಡು ಹೆಂಡತಿಗೆ ಹೇಳಿದ, "ಫಾದರು ಒಂದು ಸೀಸೆ ಹೊಡದು ಹ್ವಾದ್ರು. ಉಳದದ್ದು ನಿನ್ನ ಪಾಳಿ."

"ನನಗ್ಯಾರು ಪೇಡೆ ಹಂಚತಾರ?"

"ನೀ ಬಿಳಿ ಅಂಗಿ ಹಾಕ್ಕೊ, ಹಂಚತಾರ."

ಪಕ್ಕದ ಗುಡಿಸಲಿನ ಚಂದಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಮುದುಕಿ. ಹದಿನೆಂಟು ಕಟ್ಟಡಕ್ಕೆ ಇಟ್ಟಂಗಿ ಹೊತ್ತವಳು.

ಡಿಸೆಂಬರ್ ಎಂಟಕ್ಕೆ ಇಗರ್ಜಿಯ ಹಬ್ಬ. ಬಿಷಪ್ಪರು ಬಂದು ಭವನ ತೆರೆಯುವುದು, ಸಭಾಗೃಹದಲ್ಲೇ ಊಟ. ಕಾರ್ಡು ಅಚ್ಚಾಗಿತ್ತು. ಸ್ಲ್ಯಾಬು ಹಾಕಿದ್ದು ನವೆಂಬರ್ ಹತ್ತಕ್ಕೆ. ಇಪ್ಪತ್ತೊಂದು ದಿನ ಕಾದರೆ ಡಿಸೆಂಬರ್ ಒಂದು. ಆಮೇಲೆ ಟೇಕು ತೆಗೆದು, ನೆಲಕ್ಕೆ ಫರ್ಸಿ ಹಾಸಿ, ಬಣ್ಣ ಬಳಿದು ಮುಗಿಸಲು ಒಂದು ವಾರ. ಆಗುವುದಿಲ್ಲ ಎಂದ ಎಂಜಿನಿಯರು. ಸಭಾಗೃಹದೊಳಗಿನವು ಇರಲಿ, ಪೋರ್ಚಿನ ಕೆಳಗಿನವು ಮೊದಲು ತೆಗೀರಿ, ಬಿಷಪ್ಪರು ಕಾಲಿಡುವ ಜಾಗ ಅದು, ಫರ್ಸಿ ಅಲ್ಲಿಂದ ಶುರು ಆಗಲಿ ಎಂದ.

ಪೋರ್ಚು ಒಂದೇ ಬದಿಗೆ ಗೋಡೆ ಕಚ್ಚಿ ಮುಂದಕ್ಕೆ ಚಾಚಿತ್ತು. ಭೀಮಣ್ಣ ಏಣಿ ಹತ್ತಿ ಸುತ್ತಿಗೆಯ ಹಿಂಬದಿಯಿಂದ ಅದರ ಹೊಟ್ಟೆಗೆ ಎರಡು ಸಲ ಬಡಿದ. ಕಿವಿ ಇಟ್ಟು ಕೇಳಿದ.

"ಅಣ್ಣಾ, ಇನ್ನೂ ಹಸೀ ಅದ."

"ನನಗ ಗೊತ್ತಿಲ್ಲೇನು?" ಎಂದ ಶಿವಪ್ಪ. "ಸಾಹೇಬಗ ಹೇಳಿ ನೋಡು."

"ನೀ ಮುಕಾದಮ. ನೀ ಹೇಳು."

ಶಿವಪ್ಪ ಹೋಗಿ ಹೇಳಿದ. ಎಂಜಿನಿಯರು ಮರಾಠಿಯಲ್ಲಿ ಕೇಳಿದ, "ಕಾಲೇಜು ಯಾವ ಊರಲ್ಲಿ ಮುಗಿಸಿದೆ ಶಿವಪ್ಪ?" ಶಿವಪ್ಪ ವಾಪಸ್ಸು ಬಂದು ಟೇಕಿಗೆ ಕೈ ಹಚ್ಚಿದ. ಭೀಮಣ್ಣನೂ ಕೈ ಹಚ್ಚಿದ. ಇಬ್ಬರೂ ಸೇರಿ ತೆಗೆದರು.

ಮರುದಿನ ಮೂರು ಗಂಟೆಗೆ ಸಕ್ಕುಬಾಯಿ ಪೋರ್ಚಿನ ಮಡಿ ನಾಲ್ಕೂ ತುಂಬಿಸಿ ಸಭಾಗೃಹದ ಕಡೆಗೆ ತಿರುಗಿದ್ದಳು. ಸಪ್ಪಳಕ್ಕೆ ತಿರುಗಿ ನೋಡಿದರೆ ನಾಲ್ಕು ಮಡಿ ಇರಲಿಲ್ಲ. ಅವು ಇದ್ದ ಕಡೆ ಇಗರ್ಜಿಯ ಬಾದಾಮಿ ಮರ ಕಾಣುತ್ತಿತ್ತು. ಕೈಯಲ್ಲಿನ ಪೈಪು ನೀರು ಬಿಡುತ್ತಲೇ ಇತ್ತು.

ಕೆಳಗೆ ಭೀಮಣ್ಣ ಫರ್ಸಿಗೆ ನೆಲ ಮಟ್ಟ ಮಾಡುತ್ತಿದ್ದ. ಆರು ಜನ ಸೇರಿ ಅವನನ್ನು ಎಳೆದರು. ಏಳನೆಯವರಾಗಿ ಫಾದರ್ ವಲೇರಿಯನ್ ಓಡಿ ಬಂದರು, ಬರಿಗೈಯಲ್ಲಿ ಕಾಂಕ್ರೀಟಿನ ತುಂಡು ಎತ್ತಿದರು, ಉಗುರು ಕಿತ್ತುಕೊಂಡರು. ಇದನ್ನೂ ಬರೆಯಬೇಕು, ಯಾಕೆಂದರೆ ಆದದ್ದು. ಭೀಮಣ್ಣ ಅಡಿಯಿಂದ ಮುಡಿಯವರೆಗೆ ತೊಯ್ದಿದ್ದ. ರಕ್ತ ಕಡಿಮೆ. ನೀರು ಬಹಳ. ಸಕ್ಕುಬಾಯಿ ಅವನ ಅಂಗಿಯ ತುದಿ ಹಿಂಡಿದಳು. ಹಿಂಡಿ ಕೊಡವಿದಳು, ಒಗೆದ ಬಟ್ಟೆಯನ್ನು ಕೊಡವುವ ಹಾಗೆ. ಚಂದಮ್ಮ ಅವಳ ಕೈ ಬಿಡಿಸಿದಳು.

ಊರಿಗೆ ಒಯ್ಯಲು ಆಗಲಿಲ್ಲ. ಮರುದಿನ ಪವನಾ ಹೊಳೆಯ ದಂಡೆಯ ಕಡೆ ಮಣ್ಣು ಮಾಡಿದರು. ಅದೇ ದಿನ ಎಂಜಿನಿಯರು ಬರೆದ.

ಸಕ್ಕುಬಾಯಿಗೆ ಅಳು ಬರಲಿಲ್ಲ. ಈಗ ಬರುತ್ತದೆ, ಆಗ ಬರುತ್ತದೆ ಎಂದು ಚಂದಮ್ಮ ಪಕ್ಕದಲ್ಲೇ ಕೂತಳು. ಒಂಬತ್ತು ವರ್ಷದ ಮಗಳು ಇಂದೂ ಅತ್ತು ಅತ್ತು ಚಂದಮ್ಮನ ತೊಡೆಯ ಮೇಲೆ ಮಲಗಿತು. ಸಕ್ಕುಬಾಯಿ ತಗಡು ನೋಡಿದಳು. ತಗಡಿನಲ್ಲಿ ಮೊಳೆ ಬಿದ್ದ ತೂತು ಏಳು ಇದ್ದವು.

ಹದಿನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ಎದ್ದು, ಹೊಸ್ತಿಲು ದಾಟಿ, ಪೈಪು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು.

"ಸಕ್ಕೂ, ಮೂರು ದಿನ ಆಗಿಲ್ಲ. ಹೊರಗ ಬರಬಾರದವ್ವಾ," ಎಂದಳು ಕೆಳಗಿನಿಂದ ಚಂದಮ್ಮ.

"ಒಣಗತದ."

"ಒಣಗಲಿ ಬಿಡು. ಯಾರ ಮನೀದು?"

"ಇನ್ನಾ ಏಳು ದಿನ ಅದ."

ಸಭಾಗೃಹದ ನಲವತ್ತು ಮಡಿಗೂ ನೀರು ಬಿಟ್ಟಳು. ಅವಳಿಗೆ ಬೇರೆ ಏನೂ ಹೊಳೆಯಲಿಲ್ಲ. ಕೈಗೆ ಗೊತ್ತಿದ್ದದ್ದು ಇದೊಂದೇ. ಗುಬ್ಬಿಗಳು ಬಂದು ಮಡಿಯಲ್ಲಿ ಮಿಂದವು. ಪೋರ್ಚು ಮುರಿದ ಅಂಚಿನಲ್ಲಿ ಕಬ್ಬಿಣದ ಸರಳುಗಳು ಹೊರಗೆ ಚಾಚಿದ್ದವು. ಅವುಗಳ ಬುಡಕ್ಕೂ ನೀರು ಹೊಡೆದಳು.

ಒಂಬತ್ತಕ್ಕೆ ಎಂಜಿನಿಯರು ಬಂದ. ಮೇಲೆ ನೋಡಿದ. ಫಾದರನ್ನು ಕರೆದು ತೋರಿಸಿದ. "ಗಂಡ ಸತ್ತು ಎರಡು ದಿನ. ಯಾರೂ ಹೇಳಿಲ್ಲ, ತಾನಾಗಿ ಬಂದು ನೀರು ಹೊಡೀತಿದ್ದಾಳೆ. ಮನಸ್ಸು ಚುಚ್ಚದೆ ಹೀಗೆ ಮಾಡ್ತಾರಾ ಯಾರಾದರೂ?" ಫಾದರು ಬ್ಯಾಂಡೇಜು ಸುತ್ತಿದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಅವರಿಗೆ ಅದು ಸರಿ ಅನ್ನಿಸಿತು. ತಪ್ಪು ಮಾಡಿದ ಜೀವ ಪ್ರಾಯಶ್ಚಿತ್ತ ಮಾಡಿಕೊಳ್ಳುವುದನ್ನು ಮೂವತ್ತು ವರ್ಷದಿಂದ ನೋಡಿದ ಕಣ್ಣು ಅದು. ಬೇರೆ ಯಾವುದನ್ನೂ ನೋಡಿ ಅದಕ್ಕೆ ರೂಢಿಯಿರಲಿಲ್ಲ.

ಹದಿನಾರನೇ ದಿನ ಸಂಜೆ ಶಿವಪ್ಪ ಗುಡಿಸಲಿಗೆ ಬಂದ. ಒಳಗೆ ಬರಲಿಲ್ಲ. ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತ.

"ನಾಳಿಗಿ ಫಾದರು ಆಫೀಸಿಗಿ ಕರದಾರ. ಜಬಾಬು ಬರದಿಟ್ಟಾರ. ಹೆಬ್ಬಟ್ಟು ಒತ್ತಿ ಬಾ."

"ಏನಂತ ಬರದಾರ, ಭಾವಾ?"

"ಅದೇ. ಮೂರು ದಿನ ಮರತೀನಿ ಅಂತ."

ಸಕ್ಕುಬಾಯಿ ರೊಟ್ಟಿ ಬಡಿಯುತ್ತಿದ್ದಳು, ಬಡಿದಳು.

"ಕೇಳು. ಜಬಾಬು ಕೊಟ್ರ ಕೆಲಸ ಮುಂದ ಹೋಗತದ. ಇಲ್ಲಂದ್ರ ಮುನ್ಸಿಪಾಲ್ಟಿಯವರು ಬೀಗ ಹಾಕತಾರ, ಎಂಟೂ ಮನಿ ಎದ್ದು ಹೋಗಬೇಕು. ನಿನ್ನ ಮ್ಯಾಲ ಕೇಸು ಮಾಡಂಗಿಲ್ಲ ಅಂತ ಫಾದರು ಮಾತು ಕೊಟ್ಟಾರ. ಇಂದೂನ್ನ ಲೋಣಾವಳಾದಾಗ ಸಿಸ್ಟರುಗಳ ಬೋರ್ಡಿಂಗಿಗಿ ಸೇರಸತಾರ. ಹತ್ತನೇತ್ತಾ ತನಕ. ಊಟ, ಬಟ್ಟಿ, ಪುಸ್ತಕ. ನಿನ್ನ ಜನ್ಮದಾಗ ಆಗೂದೇನು ಅದು?"

"ಆಗಂಗಿಲ್ಲ."

"ಮತ್ತ?"

"ನೀ ಟೇಕು ತಗದಿ, ಭಾವಾ."

ಶಿವಪ್ಪ ಚಪ್ಪಲಿಯ ಅಂಗುಷ್ಠ ಸರಿ ಮಾಡಿಕೊಂಡ. "ಅವನೂ ತಗದಾನ," ಎಂದ. ಮತ್ತೆ, "ಹಸೀ ಅದ ಅಂತ ನಾ ಹೇಳೀನಿ. ಸಾಹೇಬ ಕೇಳಲಿಲ್ಲ," ಎಂದ. ಎದ್ದು ಹೋದ.

ಇಂದೂ ಕೇಳಿತು, "ಅವ್ವಾ, ಲೋಣಾವಳಾದಾಗ ಚಿಕ್ಕಿ ಸಿಗತಾವಂತ."

"ಹೂಂ."

"ಅಲ್ಲಿ ಕನ್ನಡ ಮಾತಾಡತಾರೇನು?"

"ಯಾರಿಗ್ಗೊತ್ತು. ಉಣ್ಣು."

ಹದಿನೇಳನೇ ದಿನ ಬೆಳಗಿನ ನೀರು ಮುಗಿಸಿ ಸಕ್ಕುಬಾಯಿ ಆಫೀಸಿಗೆ ಹೋದಳು. ಸೆರಗು ಒದ್ದೆ. ಮೇಜಿನ ಹಿಂದೆ ಫಾದರು, ಕಿಟಕಿಯ ಬಳಿ ಎಂಜಿನಿಯರು, ಬಾಗಿಲ ಬಳಿ ಶಿವಪ್ಪ. ಗೋಡೆಯ ಮೇಲೆ ಹೊಸ ಭವನದ ಬಣ್ಣದ ಚಿತ್ರ. ಚಿತ್ರದಲ್ಲಿ ಪೋರ್ಚಿನ ಕೆಳಗೆ ಒಂದು ಕುಟುಂಬ ಬಲೂನು ಹಿಡಿದು ನಿಂತಿತ್ತು.

"ಕೂತುಕೊಳ್ಳಿ ಅಮ್ಮ," ಎಂದರು ಫಾದರು. ಅವರ ಕನ್ನಡ ಮಂಗಳೂರಿನ ಶಾಲೆಯದು, ಒಂದಕ್ಷರವೂ ನುಂಗುವುದಿಲ್ಲ. "ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಮರೆವು ಅಪರಾಧವಲ್ಲ. ಮಗು ಇದೆ, ಅಡುಗೆ ಇದೆ, ಕೆಲಸ ಇದೆ. ಯಾರೂ ನಿಮ್ಮನ್ನು ದೂರುವುದಿಲ್ಲ. ಇಲ್ಲಿ ಒಂದು ಹೆಬ್ಬೆಟ್ಟು ಹಾಕಿದರೆ ಎಲ್ಲರಿಗೂ ಸಮಾಧಾನ."

"ಯಾವ ಮೂರು ದಿನ್ರಿ?"

ಫಾದರು ಕಾಗದ ನೋಡಿದರು. "ಎಂಟು, ಒಂಬತ್ತು, ಹತ್ತನೇ ದಿನ."

ಸಕ್ಕುಬಾಯಿ ಕೂತಿರಲಿಲ್ಲ. ನಿಂತೇ ಲೆಕ್ಕ ಹಾಕಿದಳು.

"ಒಂಬತ್ತನೇ ದಿನ ನೀವೇ ಮ್ಯಾಲ ಬಂದಿದ್ರಿ. ಇಬ್ಬರು ಬಾಯಾರನ್ನ ಕರಕೊಂಡು. ಬಾಲವಾಡಿ ಎಲ್ಲಿ ಬರತದ ಅಂತ ತೋರಸಾಕ. ಪೋರ್ಚಿನ ಮ್ಯಾಲಿನ ಮಡಿಯಾಗ ಕಾಲಿಟ್ರಿ. ಚಪ್ಪಲಿ ತೊಯ್ದು ಭಾರ ಆದ್ವು ಅಂತ ಕೆಳಗ ನಮ್ಮ ಬಾಗಲದಾಗ ಬಿಟ್ಟು, ಬರಿಗಾಲಿಲೇ ಹೋದ್ರಿ. ನಮ್ಮ ಇಂದೂ ಬಿಸಲಿಗಿಟ್ಟು ಸಂಜೀಗಿ ತಂದು ಕೊಟ್ಟಳು. ಆಕಿಗಿ ಒಂದು ಬಿಸ್ಕೀಟಿನ ಪುಡಾ ಕೊಟ್ಟಿದ್ರಿ."

ಎಂಜಿನಿಯರು ಮರಾಠಿಯಲ್ಲಿ, ಏನಂತೆ ಎಂದು ಕೇಳಿದ. ಶಿವಪ್ಪ ಹೇಳಲಿಲ್ಲ. ಫಾದರು ಮೇಜಿನ ಕೆಳಗೆ ಕಾಲು ಸರಿಸಿಕೊಂಡರು.

"ಅದು ಯಾವ ದಿನವೋ, ನನಗೆ ನೆನಪಿಲ್ಲ," ಎಂದರು.

"ನನಗ ಅದರಿ."

ಹೊರಗೆ ಲೋಕಲ್ ಗಾಡಿ ಹೋಯಿತು.

"ಆತು ಬಿಡ್ರಿ, ಅದು ಮರತಿರಿ," ಎಂದಳು ಸಕ್ಕುಬಾಯಿ. ಸಿಟ್ಟಿನ ದನಿಯಲ್ಲ. ಅಂಗಡಿಯಲ್ಲಿ ಉಪ್ಪು ಕೇಳುವ ದನಿ. "ನನ್ನ ಗಂಡನ್ನ ನೀವೂ ಎತ್ತೀರಿ. ಅವನ ಅಂಗಿ ಯಾಕ ತೊಯ್ದಿತ್ರಿ? ಮಳಿ ಇರಲಿಲ್ಲ. ನಾ ತುಂಬಿಸಿದ ನೀರೇ ಅವನ ಮ್ಯಾಲ ಬಿತ್ತು. ಆ ನೀರಿಗೇ ಭಾರ ಆತೋ ಏನೋ ಅಂತ ನಾಲ್ಕು ದಿನದಿಂದ ತಗಡು ನೋಡಕೋತ ಮಲಗೀನಿ. ಹಂಗ ಬರೀರಿ. ನೀರು ಹೆಚ್ಚಾತು ಅಂತ ಬರೀರಿ, ಒತ್ತತೀನಿ. ಹೊಡೀಲಿಲ್ಲ ಅಂತ ಬರೀಬ್ಯಾಡ್ರಿ."

ಫಾದರು ಮೊದಲ ಸಲ ಎಂಜಿನಿಯರನ ಕಡೆ ನೋಡಿದರು. ಎಂಜಿನಿಯರು ಗಡಿಯಾರ ನೋಡಿದ. ಮುನ್ಸಿಪಾಲ್ಟಿಯ ಸಾಹೇಬರು ಹನ್ನೊಂದಕ್ಕೆ ಬರುತ್ತಾರೆ ಎಂದ.

ಫಾದರು ಕಾಗದ ಮಡಿಸಿದರು, ಮತ್ತೆ ಬಿಡಿಸಿದರು. ಭವನದ ಚಿತ್ರ ಅವರ ಬೆನ್ನಿಗಿತ್ತು. "ಅಮ್ಮ," ಎಂದರು, "ಮೂರು ದಿನ ಬೇಡ. ಒಂದು ದಿನ ಎಂದು ತಿದ್ದುತ್ತೇನೆ. ಹತ್ತನೇ ದಿನ ಒಂದೇ. ಒಂದು ದಿನ ಯಾರಿಗಾದರೂ ತಪ್ಪುತ್ತದೆ. ಮಗಳ ಮುಖ ನೋಡಿ. ಎಂಟು ಮನೆಯ ಜನರ ಮುಖ ನೋಡಿ." ಪೆನ್ನಿನಿಂದ ಎರಡು ಸಾಲು ಹೊಡೆದು ಹಾಕಿದರು. ಶಾಯಿಯ ಡಬ್ಬಿ ತೆರೆದು ಮುಂದಕ್ಕೆ ಸರಿಸಿದರು.

ಶಿವಪ್ಪ ಬಾಗಿಲಿಂದ ಬಂದ. "ಒತ್ತವ್ವಾ. ಒಂದು ದಿನಾನೇ ಅಂತಾರ," ಎಂದು ಅವಳ ಎಡಗೈ ಹಿಡಿದು ಮೇಜಿನ ಮೇಲೆ ತಂದ. ಟೇಕು ಹಿಡಿದ ಕೈ ಅದು, ಗಟ್ಟಿ. ಅವಳ ಕೈ ನೀರಿನಲ್ಲಿ ನೆನೆದು ನೆನೆದು ಬೆಳ್ಳಗೆ ನಿರಿಗೆಗಟ್ಟಿತ್ತು. ಆ ಕೈಯನ್ನು ಅವನು ಶಾಯಿಯ ಹತ್ತಿರ ತರುವಷ್ಟರಲ್ಲಿ ಅವಳು ಹೆಬ್ಬೆಟ್ಟನ್ನು ಒಳಗೆ ಮಡಿಸಿ, ಅದರ ಮೇಲೆ ನಾಲ್ಕು ಬೆರಳು ಮುಚ್ಚಿದಳು.

ಶಿವಪ್ಪ ಒಂದು ಬೆರಳು ಬಿಡಿಸಲು ನೋಡಿದ. ಬಿಡಲಿಲ್ಲ.

"ಹತ್ತನೇ ದಿನಾನೂ ಹೊಡದೀನಿ," ಎಂದಳು ಸಕ್ಕುಬಾಯಿ. "ನಾ ಒತ್ತಂಗಿಲ್ಲ."