ಎಲ್ಲಕ್ಕೂ ಉತ್ತರವಿದ್ದ ಗಂಡ

ಹಿರಿಯ ನರ್ಸ್ ಕೇಳುತ್ತಿದ್ದದ್ದು ಹೆಂಡತಿಯನ್ನು; ಉತ್ತರ ಬರುತ್ತಿದ್ದದ್ದು ಗಂಡನಿಂದ. ವಯಸ್ಸು, ವಾಂತಿ, ಮುಟ್ಟು ನಿಂತ ದಿನ ಎಲ್ಲವೂ ಅವನ ನಾಲಿಗೆಯ ತುದಿಯಲ್ಲೇ ಇದ್ದವು. ಸುಸ್ತಿದೆಯೇ ಎಂದದ್ದಕ್ಕೆ ಇದೆ ಎಂದು ತಾನೇ ಒಂದು ನಿಟ್ಟುಸಿರನ್ನೂ ಬಿಟ್ಟ. ಬಸುರಿ ಯಾರೆಂದು ನರ್ಸಿಗೇ ಒಂದು ಗಳಿಗೆ ಅನುಮಾನ ಬಂತು. ದರ್ಜಿ ಕೆಲಸದ ಹೆಂಡತಿ ಮಾತ್ರ ರವಿಕೆಯ ತೋಳಿನ ಅಂಚಿನ ದಾರವನ್ನು ಉಗುರಿನಿಂದ ಕೀಳುತ್ತ ಕೂತಿದ್ದಳು.

ಬಸುರಿಯನ್ನು ಒಮ್ಮೆಯಾದರೂ ಒಬ್ಬಳನ್ನೇ ಮಾತಾಡಿಸಬೇಕೆಂಬುದು ಆಸ್ಪತ್ರೆಯ ನಿಯಮ. ನಿಯಮ ಹೇಳಿ ಹೊರಗೆ ಕಳಿಸಿದರೆ ಇಂಥವರು ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಾರೆಂಬುದು ನರ್ಸಿನ ಇಪ್ಪತ್ತು ವರ್ಷದ ಅನುಭವ. ಹಾಗಾಗಿ ಅವಳು ಹೊಗಳಿದಳು. ಹೆಂಡತಿಯನ್ನು ಇಷ್ಟು ನೋಡಿಕೊಳ್ಳುವವರ ಬಿಪಿ ನೋಡುವವರು ಯಾರು? ವರಾಂಡದ ಆ ತುದಿಯ ಕೋಣೆ, ಮೂರು ಸಲ ಅಳತೆ, ನಡುವೆ ಹತ್ತು ಹತ್ತು ನಿಮಿಷ. ಮಾತಾಡಿದರೆ ಮಾತ್ರ ಅಳತೆ ತಪ್ಪುತ್ತದೆ. ಅವನು ಉಬ್ಬಿಹೋಗಿ ಎದ್ದ.

ಬಾಗಿಲು ಮುಚ್ಚಿದ ಮೇಲೆ ನರ್ಸ್ ಕೇಳಿದಳು, "ಕೈ ಮಾಡ್ತಾರಾ?"

"ದಿನಾ ಅಲ್ಲ ಸಿಸ್ಟರ್."

"ಭಾನುವಾರ ರಜಾನಾ?"

ದರ್ಜಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಆಮೇಲೆ ಎಲ್ಲ ಹೇಳಿದಳು. ಬಸಿರಾಗದಂತೆ ನುಂಗುತ್ತಿದ್ದ ಮಾತ್ರೆಗಳನ್ನು ಬಚ್ಚಿಟ್ಟವನು ಅವನೇ. ಮಗುವಾದರೆ ಇವಳು ಎಲ್ಲಿಗೂ ಹೋಗಲಾರಳೆಂದು ನಕ್ಕವನೂ ಅವನೇ. ಈಗ ನಿದ್ದೆಯಿಲ್ಲ, ಕತ್ತರಿ ಗೆರೆ ತಪ್ಪಿ ನಿನ್ನೆ ಯಾರದೋ ಕಾಲರ್ ಹಾಳಾಗಿತ್ತು. ಈ ಬಸಿರು ತನಗೆ ಬೇಡ. ಆದರೆ ತೆಗೆಸಲು ಗಂಡನ ಸಹಿ ಬೇಕಂತೆ.

"ಯಾರು ಹೇಳಿದ್ದು?"

"ಅವರೇ."

"ಅದನ್ನೂ ಅವರೇ ಹೇಳಿದ್ರಾ! ಹೊಟ್ಟೆ ಯಾರ್ದಮ್ಮಾ?"

"ನಂದು."

"ಹಾಗಾದ್ರೆ ಸಹಿನೂ ನಿಂದೇ. ಇನ್ನೊಂದ್ಸಲ ಯೋಚ್ನೆ ಮಾಡು, ಅವಸರ ಇಲ್ಲ."

ಮೂರು ವಾರದಿಂದ ಅದನ್ನೇ ಮಾಡುತ್ತಿದ್ದೇನೆಂದು ದರ್ಜಿ ಪೆನ್ನಿಗೆ ಕೈ ಚಾಚಿದಳು. ಡಾಕ್ಟರು ಪಕ್ಕದ ಕೋಣೆಯಲ್ಲೇ ಇದ್ದರು. ನೋಡಿ, ಮಾತಾಡಿಸಿ, ನಾಳೆ ಬೆಳಿಗ್ಗೆಗೆ ಬರಹೇಳಿದರು. ಇವತ್ತು ಆ ಮನೆಗೆ ಹೋಗಬೇಕೋ ಬೇಡವೋ ಎಂಬುದಷ್ಟೇ ಉಳಿಯಿತು. ಹಿಂಬಾಗಿಲು ಬೇರೆ ರಸ್ತೆಗಿದೆ ಎಂದು ನರ್ಸ್ ತನ್ನ ಫೋನನ್ನು ಮುಂದೆ ತಳ್ಳಿದಳು.

ದರ್ಜಿ ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಏನನ್ನೂ ಕೇಳಲಿಲ್ಲ, ರಿಕ್ಷಾ ಹಿಡಿದು ಈಗಲೇ ಬರುತ್ತೇನೆಂದಳು. ಆದರೆ ಮಲಗುವ ಕೋಣೆ ಒಂದೇ, ನಿನ್ನ ಗೊರಕೆಯನ್ನು ಹೇಗಪ್ಪಾ ತಡೆಯುವುದು ಎಂದಳು.

"ಗೊರಕೆ ಎಲ್ಲಿ ಬಂತು ಅಕ್ಕಾ, ನಿದ್ದೆನೇ ಇಲ್ಲ."

ಆ ಕಡೆ ಬಾಗಿಲಿಗೆ ಬೀಗ ಹಾಕಿದ ಸದ್ದು ಕೇಳಿತು.

"ಬಾ," ಎಂದಳು ಅಕ್ಕ. "ಬಂದು ಗೊರಕೆ ಹೊಡಿ."