ಎರಡು ಸುತ್ತಿನ ಗಂಟು

ಕಿರ್ರ್, ಕಿರ್ರ್, ಆಮೇಲೆ ಟಪ್. ಬಿಗಿಯಾಗಿ ಕಟ್ಟಿದ ದಾರವೊಂದು ಕತ್ತಿಯ ಬಾಯಿಗೆ ಸಿಕ್ಕಿ ತುಂಡಾದ ಸದ್ದು. ಮೂವತ್ತು ವರ್ಷ ಕಾಲೇಜಿನ ಪುಸ್ತಕಗಳಿಗೆ ರಟ್ಟು ಹೊಲಿದವಳಿಗೆ ಆ ಸದ್ದು ನಿದ್ದೆಯಲ್ಲೂ ಗುರುತು ಸಿಗುತ್ತಿತ್ತು. ಆದರೆ ಅವಳು ಮಲಗಿದ್ದದ್ದು ಗುಡ್ಡದ ರಸ್ತೆಯ ತಿರುವೊಂದರಲ್ಲಿ, ಗಂಡನ ಹಳೆಯ ಪಿಕಪ್ ಟ್ರಕ್ಕಿನ ಬೆನ್ನಿಗೆ ಕೊಂಡಿ ಹಾಕಿದ ಪುಟ್ಟ ಗಾಲಿಮನೆಯೊಳಗೆ. ಪಕ್ಕದ ಹಾಸಿಗೆ ತಡವಿದಳು. ತಣ್ಣಗಿತ್ತು.

ಎದ್ದು ಎಲ್ಲಿಗಾದರೂ ನಡೆದುಬಿಟ್ಟನೇ? ರಸ್ತೆಯ ಒಂದು ಬದಿ ಬರೀ ಇಳಿಜಾರು. ಕಿಟಕಿಯ ಪರದೆ ಸರಿಸಿದಳು. ಟ್ರಕ್ಕನ್ನು ರಸ್ತೆಬದಿಯಲ್ಲಿ ಸೊಟ್ಟಗೆ ನಿಲ್ಲಿಸಿದ್ದರಿಂದ ಅದರ ಮೂತಿ ಓರೆಯಾಗಿ ಕಾಣುತ್ತಿತ್ತು. ಬಾನೆಟ್ ತೆರೆದಿತ್ತು. ಗಂಡ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಂಡಿಯೂರಿ ಕೂತಿದ್ದ. ಉಸಿರು ಬಿಟ್ಟಳು. ಏನು ಮಾಡುತ್ತಿದ್ದಾನೆಂದು ಮಾತ್ರ ತಿಳಿಯಲಿಲ್ಲ.

ತಿಳಿಯದೇ ಇರುವುದು ಸಂಜೆಯಿಂದಲೇ ಶುರುವಾಗಿತ್ತು. ಬಿಸಿಲಲ್ಲಿ ಭಾರ ಎಳೆಯೋದು ಎತ್ತಿಗೂ ಬೇಡ ಎಂದು ಗಂಡ ಹೊತ್ತು ಇಳಿದ ಮೇಲೆಯೇ ಹೊರಡಿಸಿದ್ದ. ಹೊರಡುವ ಮುಂಚೆ ಅವಳು ತಾನೇ ಬರೆದ ಪಟ್ಟಿ ಹಿಡಿದು ಒಂದೊಂದಾಗಿ ಓದಿದ್ದಳು. ಗಾಳಿ? ಆಯ್ತು. ಕೊಂಡಿ, ಸರಪಳಿ? ಆಯ್ತು. ಹಿಂದಿನ ದೀಪ? ಆಯ್ತು. ರೇಡಿಯೇಟರ್ ನೀರು? ಇಲ್ಲಿ ಅವನು ಒಂದು ಗಳಿಗೆ ತಡೆದು, "ಆಯ್ತು" ಎಂದಿದ್ದ. ಅವಳು ಆ ಸಾಲಿನ ಪಕ್ಕ ಒಂದು ಚುಕ್ಕೆ ಇಟ್ಟಿದ್ದಳು.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನು ಅವನು. ಹೋದ ವರ್ಷದಿಂದ ಮರೆವು. ಒಲೆ ಆರಿಸಲಿಲ್ಲ. ಪಕ್ಕದ ಮನೆಯ ಬೀಗಕ್ಕೆ ತಮ್ಮ ಮನೆಯ ಬೀಗದ ಕೈ ಹಾಕಿ ತಿರುವುತ್ತಿದ್ದ. ಚಪ್ಪಲಿ ಒಂದೊಂದು ಕಾಲಿಗೆ ಒಂದೊಂದು. ಇವೆಲ್ಲ ತಾರೀಖಿನ ಸಮೇತ ಅವಳ ಹಸಿರು ಪುಸ್ತಕದಲ್ಲಿದ್ದವು. ಬರೆದಿಡಿ ಎಂದವರು ಡಾಕ್ಟರು. ಅದನ್ನು ನನಗೂ ತೋರಿಸು ಎಂದವರು ಬಾವ, ಗಂಡನ ಅಣ್ಣ. ಅವರ ಮನೆ ಗುಡ್ಡದಾಚೆ. ಪ್ರತಿ ವರ್ಷ ಗಾಲಿಮನೆ ಎಳೆದುಕೊಂಡು ಅವರಲ್ಲಿಗೆ ಹೋಗಿ, ಕೆರೆಯ ದಂಡೆಯಲ್ಲಿ ಹದಿನೈದು ದಿನ ಇದ್ದು ಬರುವುದು ರೂಢಿ. ಈ ಸಲ ಬಾವ ಫೋನಿನಲ್ಲೇ ಖಡಕ್ಕಾಗಿ ಹೇಳಿದ್ದರು: "ಇದೊಂದು ಸಲ ಓಡಿಸಿಕೊಂಡು ಬರಲಿ, ನೋಡೋಣ. ದಾರೀಲಿ ಏನಾದ್ರೂ ಎಡವಟ್ಟಾದ್ರೆ ಗಾಡಿಯ ಬೀಗದ ಕೈ ನನ್ನ ಹತ್ರ. ಆಮೇಲೆ ಅಳಬಾರದು, ಇಬ್ಬರೂ." ಗಂಡ ನಕ್ಕಿದ್ದ. ಅವಳಿಗೆ ಗೊತ್ತಿತ್ತು, ಬೀಗದ ಕೈ ಹೋದರೆ ಅವನ ಅರ್ಧ ಜೀವವೇ ಹೋದ ಹಾಗೆ.

ಬಯಲಿನಲ್ಲಿ ಟ್ರಕ್ಕು ಹೂವಿನ ಹಾಗೆ ಓಡಿತು. ಏರು ಶುರುವಾಗಿ ಮೂರು ತಿರುವು ಕಳೆಯುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಗಂಡ ಏಸಿ ಆರಿಸಿ, ಗಾಜು ಇಳಿಸಿ, ಹೀಟರನ್ನು ಪೂರ್ತಿ ತಿರುವಿದ.

"ಸೆಖೆಗೆ ಸಾಯ್ತಿದ್ದೀವಿ, ಬಿಸಿಗಾಳಿ ಯಾಕೆ ಹಾಕ್ತೀರಿ?" ಅವಳ ಕೈ ಆಗಲೇ ಪುಸ್ತಕವಿದ್ದ ಚೀಲದ ಮೇಲಿತ್ತು.

"ಎಂಜಿನ್ನಿನ ಬಿಸಿ ಸ್ವಲ್ಪ ನಾವೂ ಹಂಚ್ಕೋಬೇಕು ಕಣೇ."

ಇದು ಮರೆವೋ, ತಿಳಿವಳಿಕೆಯೋ ಅವಳಿಗೆ ಗೊತ್ತಾಗಲಿಲ್ಲ. ಮುಳ್ಳು ಕೆಂಪು ಮುಟ್ಟುವ ಹೊತ್ತಿಗೆ ಗಾಡಿ ಬದಿಗೆ ಹಾಕಿದ. ಬಾನೆಟ್ ಎತ್ತಿದರೆ ಹಬೆ.

"ಮುಚ್ಚಳ ಮುಟ್ಟಬೇಡಿ ರೀ."

"ಅಷ್ಟೂ ಮರೆತಿಲ್ಲ," ಎಂದು ಅವನು ಅವಳ ಕಡೆ ನೋಡದೆ ಹೇಳಿದ.

ಹಿಂದಿನಿಂದ ಬಂದ ಲಾರಿಯೊಂದು ನಿಧಾನಿಸಿತು. ಚಾಲಕ ತಲೆ ಹೊರಗೆ ಹಾಕಿ, "ಏನಜ್ಜಾ, ಮನೇನೇ ಬೆನ್ನಿಗೆ ಕಟ್ಕೊಂಡು ಹೊರಟಿದ್ದೀರಿ, ಬಸವನಹುಳು ಥರ," ಎಂದ.

"ಹೆಂಡ್ತಿ ಮನೆ ಬಿಟ್ಟು ಬರಲ್ಲ ಅಂದ್ಳಪ್ಪ, ಏನ್ಮಾಡೋದು."

ಲಾರಿಯವನು ನಕ್ಕ. "ಹೀಟರ್ ಹಾಕಿದ್ರಾ?" ಗಂಡ ಹೌದೆಂದು ತಲೆಯಾಡಿಸಿದ. "ಹಾಗಾದ್ರೆ ನಿಮಗೆ ನಾನೇನು ಹೇಳ್ಲಿ. ಆರೋವರೆಗೂ ತೆಪ್ಪಗೆ ಕೂತ್ಕೊಳ್ಳಿ. ಸಣ್ಣ ಗೇರಿನಲ್ಲಿ ಹತ್ಸಿ." ಲಾರಿ ಹೋಯಿತು. ಹಾಗಾದರೆ ಹೀಟರು ಸರಿಯೇ ಇತ್ತು. ಅವಳು ಚೀಲದ ಮೇಲಿನ ಕೈ ತೆಗೆದಳು.

ಆರಿದ ಮೇಲೆ ಕುಡಿಯುವ ಕ್ಯಾನಿನಿಂದ ಒಂದಿಷ್ಟು ನೀರು ಹೊಯ್ದರು. ಮತ್ತೆ ಎರಡು ತಿರುವು. ಮತ್ತೆ ಮುಳ್ಳು ಕೆಂಪಿಗೆ. ಪಂಪು ಕೆಟ್ಟಿತೋ, ಫ್ಯಾನೋ, ಅಥವಾ ಬಾವ ಗೇಲಿ ಮಾಡುವ ಹಾಗೆ ಇದು ಆಡಿನ ಬೆನ್ನಿಗೆ ಬೀರು ಹೇರಿದ ಬಾಬತ್ತೋ. ಗಂಡ ಸ್ಟೇರಿಂಗಿಗೆ ಹಣೆ ಹಚ್ಚಿ ಕೂತಿದ್ದ. "ಹೊರಡುವಾಗ ನೀರು ನೋಡಿದ್ದೆ ಅಲ್ವಾ? ನೋಡಿದ್ದೆ. ನೋಡಿದ್ದೆ ಅನ್ಸುತ್ತೆ," ಎಂದ. ಅವನು ಕೇಳುತ್ತಿದ್ದಾನೋ ಹೇಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಬೆಳಗಿನವರೆಗೆ ಅಲ್ಲೇ ಮಲಗುವುದೆಂದಾಯಿತು. ಅವನು ಮಲಗಿದ ಮೇಲೆ ಮೊಬೈಲಿನ ಬೆಳಕಿನಲ್ಲಿ ಬರೆದಳು: ನೀರು ನೋಡಲು ಮರೆತರು, ಬಹುಶಃ. 'ಬಹುಶಃ' ಅನ್ನು ಹೊಡೆದುಹಾಕಿದಳು. ಮತ್ತೆ ಬರೆದಳು.

ಈಗ ಕಿಟಕಿಯಾಚೆ ಅವನು ಟ್ರಕ್ಕಿನ ಮುಂಜಾಲರಿಯ ಹಿಂದಿನಿಂದ ಏನನ್ನೋ ಎಳೆಯುತ್ತಿದ್ದ. ಅಗಲವಾದ ರಟ್ಟು. ಗಾಳಿ ನುಗ್ಗಿ ರೇಡಿಯೇಟರನ್ನು ತಣಿಸಬೇಕಾದ ಜಾಗಕ್ಕೆ ಕದ ಹಾಕಿದ ಹಾಗೆ ಅದು ಅಲ್ಲಿ ಕೂತಿತ್ತು. ಟಾರ್ಚಿನ ಬೆಳಕಿಗೆ ಹಿಡಿದ. ಮೂಲೆಯಲ್ಲಿ ಕಾಲೇಜು ಲೈಬ್ರರಿಯ ನೀಲಿ ಮೊಹರು. ಅಂಚಿನಲ್ಲಿ ತೂತು, ತೂತಿನಲ್ಲಿ ಮೇಣ ಸವರಿದ ಕೆಂಪು ದಾರದ ತುಂಡು.

ಅವಳ ದಾರ. ಆ ದಾರಕ್ಕೆ ಅವಳು ಹಾಕುವ ಗಂಟು ಎರಡು ಸುತ್ತಿನದು. ಊಟದ ಡಬ್ಬಿಯಿಂದ ಬಟ್ಟೆಯ ಹಗ್ಗದವರೆಗೆ ಎಲ್ಲಕ್ಕೂ ಅದೇ. "ನಿನ್ನ ಗಂಟು ಬಿಚ್ಚೋಕೆ ಕತ್ತೀನೇ ಬೇಕು," ಎಂದು ಅವನು ಮದುವೆಯಾದಾಗಿನಿಂದ ಗೊಣಗುತ್ತಿದ್ದ.

ಅವಳು ನೆನಪಿನಲ್ಲಿ ಕೈಯಾಡಿಸಿದಳು. ಅವನು ಪರೀಕ್ಷೆಗಳಿಗೆಂದು ಆಸ್ಪತ್ರೆಯಲ್ಲಿದ್ದಾಗ ಟ್ರಕ್ಕು ನಿಂತೇ ಇತ್ತು, ಇಲಿ ಹೊಕ್ಕು ವೈರು ಕಡಿದಿತ್ತು. ಕಡಿದ ವೈರು ನೆನಪಿದೆ. ಏನಾದರೂ ಅಡ್ಡ ಇಡಿ ಎಂದ ಮೆಕ್ಯಾನಿಕ್ಕಿನ ಧ್ವನಿ ನೆನಪಿದೆ. ಆದರೆ ರಟ್ಟು ಕತ್ತರಿಸಿದ್ದು, ತೂತು ಹೊಡೆದದ್ದು, ಮಂಡಿಯೂರಿ ಕಟ್ಟಿದ್ದು? ಅಲ್ಲಿ ಏನೂ ಇರಲಿಲ್ಲ, ಹಾಳೆ ಕಿತ್ತ ಪುಸ್ತಕದಲ್ಲಿ ಬರೀ ಹೊಲಿಗೆ ಉಳಿದ ಹಾಗೆ. ಪಟ್ಟಿ ಬರೆದವಳೂ ತಾನೇ. ಪಟ್ಟಿಯಲ್ಲೂ ರಟ್ಟು ಇರಲಿಲ್ಲ.

ಗಂಡ ತಲೆಯೆತ್ತಿ ಗಾಲಿಮನೆಯ ಕಿಟಕಿಯತ್ತ ನೋಡಿದ. ಅವಳು ಪರದೆಯ ಹಿಂದೆ ಸರಿದಳು. ಮತ್ತೆ ಇಣುಕಿದಾಗ ಅವನು ರಟ್ಟನ್ನು ನಾಲ್ಕು ಮಡಿಕೆ ಮಾಡಿ, ತಿರುವಿನ ಕೊನೆಯಲ್ಲಿದ್ದ ಕಸದ ಪೀಪಾಯಿಯ ತಳಕ್ಕೆ ತುರುಕಿ, ಮೇಲೆ ಒಣಗಿದ ಸೊಪ್ಪು ಎಳೆಯುತ್ತಿದ್ದ. ವಾಪಸು ಬಂದು ನೀರಿನ ಕ್ಯಾನು ಎತ್ತಿಕೊಂಡ. ರಸ್ತೆಯಂಚಿಗೆ ಹೋಗಿ ಅರ್ಧ ಕ್ಯಾನು ನೀರನ್ನು ಸದ್ದಾಗದ ಹಾಗೆ, ತೆಳ್ಳಗೆ, ಮಣ್ಣಿಗೆ ಹೊಯ್ದ.

ಸರಿರಾತ್ರಿಯಲ್ಲಿ ಕುಡಿಯುವ ನೀರನ್ನು ಯಾರು ಮಣ್ಣಿಗೆ ಸುರಿಯುತ್ತಾರೆ? ಇದೂ ಹೋಯಿತು, ಇನ್ನು ಉಳಿಯಿತೇನು ಎಂದುಕೊಂಡು ಕತ್ತಲಲ್ಲೇ ಚೀಲ ತಡಕಿದಳು. ಕೈಗೆ ಪುಸ್ತಕ ಸಿಗುವಷ್ಟರಲ್ಲಿ ಬಾಗಿಲು ಕಿರುಗುಟ್ಟಿತು.

"ಎದ್ದಿದ್ದೀಯಾ?"

"ಏನು ಮಾಡ್ತಿದ್ರಿ ಹೊರಗೆ?"

"ಸಿಕ್ತು ಕಣೇ. ನೀರೇ ಕಮ್ಮಿ. ಈಗ ಅರ್ಧ ಕ್ಯಾನು ಕುಡೀತು, ಒಂಟೆ ಥರ." ಅರ್ಧ ಖಾಲಿಯಾದ ಕ್ಯಾನನ್ನು ಅವಳಿಗೆ ಕಾಣುವ ಹಾಗೆ ಬಾಗಿಲಲ್ಲಿಟ್ಟ. "ಹೊರಡುವಾಗ ನಾನು ನೋಡೇ ಇರಲಿಲ್ಲ ಅನ್ಸುತ್ತೆ. ಸುಮ್ನೆ ಆಯ್ತು ಅಂದುಬಿಟ್ಟೆ."

ಅವಳು ಕ್ಯಾನನ್ನು ನೋಡುತ್ತ ಕೂತಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು: ಅವಳ ಗಂಟನ್ನು ಅವನು ತನ್ನ ಮರೆವಿನ ಲೆಕ್ಕಕ್ಕೆ ಹಾಕಿಕೊಳ್ಳುತ್ತಿದ್ದ. ಇಷ್ಟು ಅಚ್ಚುಕಟ್ಟಾಗಿ ಸುಳ್ಳು ಕಟ್ಟುವವನಿಗೆ ನೀರು ನೋಡಿದ್ದು ಮರೆತಿರಲು ಸಾಧ್ಯವೇ? ಅಥವಾ ಮರೆವೂ ಜಾಣತನವೂ ಎರಡೂ ಒಂದೇ ತಲೆಯಲ್ಲಿ ಇರಬಹುದೇ?

"ಬೇಕಾದ್ರೆ ಬರ್ಕೋ," ಎಂದ ಅವನು, ದಿಂಬು ಸರಿಮಾಡಿಕೊಳ್ಳುತ್ತ.

"ಏನನ್ನ?"

"ಹಸಿರು ಪುಸ್ತಕದಲ್ಲಿ. ಮನೇಲಿ ಹಿಟ್ಟಿನ ಡಬ್ಬದ ಹಿಂದೆ ಇಡ್ತೀಯಲ್ಲ, ಅದ್ರಲ್ಲಿ. ಅಣ್ಣ ಕೇಳಿದ್ರೆ ತೋರ್ಸು. ತಪ್ಪು ನಂದೇ." ಗೋಡೆಯ ಕಡೆ ತಿರುಗಿದ. ಎರಡು ನಿಮಿಷಕ್ಕೆ ಗೊರಕೆ ಬಂತು. ಅದು ನಿಜವಾದ ಗೊರಕೆಯೋ ಅಲ್ಲವೋ, ಮೂವತ್ತೆಂಟು ವರ್ಷ ಕೇಳಿದ ಕಿವಿಗೂ ಹೇಳಲಾಗಲಿಲ್ಲ.

ಬೆಳಗ್ಗೆ ಮುಳ್ಳು ಮಧ್ಯದಲ್ಲೇ ನಿಂತಿತು. ಗುಡ್ಡದ ನೆತ್ತಿ ದಾಟುವಾಗಲೂ ಅಲ್ಲಾಡಲಿಲ್ಲ. ಗಂಡ ಶಿಳ್ಳೆ ಹಾಕಲು ಶುರುಮಾಡಿ ಅರ್ಧಕ್ಕೆ ಬಿಟ್ಟ.

ಬಾವ ಗೇಟಿನಲ್ಲೇ ನಿಂತಿದ್ದರು, ಹಲ್ಲುಜ್ಜುವ ಬ್ರಷ್ಷು ಕೈಯಲ್ಲಿ ಹಿಡಿದು. ತಮ್ಮ ಇಳಿಯುವ ಮೊದಲೇ ಅವಳ ಕಡೆ ಬಂದರು. "ರಾತ್ರಿನೇ ಬರಬೇಕಿತ್ತಲ್ಲ. ಏನಾಯ್ತು?"

ಗಂಡ ಎಂಜಿನ್ ಆರಿಸಿದ. ಬೀಗದ ಕೈಯನ್ನು ತಿರುವಿ ತೆಗೆದು ಅಂಗೈಯಲ್ಲಿಟ್ಟುಕೊಂಡ. ಆಗಲೇ ಬೇರೆಯವರದಾದ ವಸ್ತುವನ್ನು ಹಿಡಿದ ಹಾಗೆ ಹಿಡಿದಿದ್ದ.

"ಏನೂ ಆಗ್ಲಿಲ್ಲ ಬಾವ," ಎಂದಳು ಅವಳು. "ನನಗೇ ನಿದ್ದೆ ಬಂತು. ಮೇಲೆ ತಂಪಿತ್ತು, ಅಲ್ಲೇ ಮಲಗೋಣ ಅಂದೆ."

"ಪುಸ್ತಕ?"

"ಬರೆಯೋಕೆ ಏನೂ ಇರ್ಲಿಲ್ಲ."

ಗಂಡ ಅವಳನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ. ಇಳಿದು ಟ್ರಕ್ಕಿನ ಮುಂದೆ ಬಂದಳು. ರಾತ್ರಿ ತಾನು ಕಂಡದ್ದನ್ನು ಬಾವನಿಗಾಗಲಿ ಡಾಕ್ಟರಿಗಾಗಲಿ ಹೇಳುವುದಿಲ್ಲ ಎಂದು ಅವಳಿಗೆ ಆಗ ಖಚಿತವಾಯಿತು. ಅವನಿಗೂ ಹೇಳುವುದಿಲ್ಲ. ಅವನು ಹೂತಿಟ್ಟದ್ದನ್ನು ಅಗೆಯಲು ಅವಳಿಗೆ ಯಾವ ಅಧಿಕಾರವೂ ಇರಲಿಲ್ಲ.

"ಅಲ್ಲ, ಆ ಏರಿನಲ್ಲಿ ಬಿಸಿಯಾಗ್ಲೇ ಇಲ್ವಾ ಈ ಮುದಿ ಗಾಡಿ?" ಬಾವ ನಂಬದೆ, ಟೈರು ಒದೆಯುತ್ತ, ಬದಿಯಿಂದ ಮುಂದಕ್ಕೆ ಸುತ್ತು ಬರುತ್ತಿದ್ದರು.

ಜಾಲರಿಯ ಕೆಳಗಿನ ಸರಳಿನಲ್ಲಿ ಒಂದು ತುಂಡು ಕೆಂಪು ದಾರ ನೇತಾಡುತ್ತಿತ್ತು. ಅವನು ದಾರ ಕತ್ತರಿಸಿದ್ದ, ಗಂಟು ಅಲ್ಲೇ ಉಳಿದಿತ್ತು. ಅವಳು ಬಾಗಿ ಉಗುರು ಹಾಕಿ ನೋಡಿದಳು. ಬಿಚ್ಚಲಿಲ್ಲ. ಬಾವ ಹತ್ತಿರ ಬಂದಾಗ ಬೆನ್ನು ಆನಿಸಿ ನಿಂತು, ಕೈ ಹಿಂದೆ ಮಾಡಿ ಅದನ್ನು ಮುಚ್ಚಿಕೊಂಡಳು. ಲೋಹ ಇನ್ನೂ ಬೆಚ್ಚಗಿತ್ತು, ಸುಡುವಷ್ಟಲ್ಲ. ಬೆರಳ ಕೆಳಗೆ ಗಂಟು ಬಿಗಿಯಾಗಿಯೇ ಇತ್ತು.